ಗುಲಂದಿ ಎಂಬ ಇಲಿ, ಚಿಗರಿ ಎಂಬ ಬಸ್ಸು

ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವವರಿಗೆಲ್ಲ ಚಿಗರಿ ಬಸ್ಸು ಗೊತ್ತು. 2018ರಲ್ಲಿ ಓಡಾಟ ಶುರು ಮಾಡಿದ ಬಿ.ಆರ್.ಟಿ.ಎಸ್. ಬಸ್ಸುಗಳಿಗೆ ಇಟ್ಟ ಹೆಸರದು. ಚಿಗರಿ ಅಂದ್ರೆ ಕೃಷ್ಣಮೃಗ. ಒಂದು ಸಂಜೆ ಆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದ ಪುಟ್ಟ ಹುಡುಗಿ ತಾಯಿಯನ್ನ ಕೇಳಿದಳು, "ಅವ್ವಾ, ಚಿಗರಿ ಹೆಂಗ ಒದರತೈತಿ?"

ತಾಯಿ ಒಂದು ಕ್ಷಣ ಯೋಚನೆ ಮಾಡಿ, "ಬಾಗಲಾ ಮುಚ್ಚೂಮುಂದ ಪೀಂ ಪೀಂ ಅಂತೈತಲ್ಲಾ, ಹಂಗ" ಅಂದರು. ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನವಲೂರು ದಾಟುವ ಹೊತ್ತಿಗೆ ನನ್ನ ನಗು ನಿಂತುಹೋಯ್ತು. ಯಾಕಂದ್ರೆ ಚಿಗರಿ ಹೇಗೆ ಕೂಗುತ್ತೆ ಅಂತ ನನಗೂ ಗೊತ್ತಿರಲಿಲ್ಲ! ಚಿತ್ರ ನೋಡಿದ್ದೇನೆ, ಕೊಂಬಿನ ಸುರುಳಿ ನೆನಪಿದೆ, ವೈಜ್ಞಾನಿಕ ಹೆಸರೂ ಗೊತ್ತು. ದನಿ ಮಾತ್ರ ಗೊತ್ತಿಲ್ಲ.

ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಪ್ಯಾರಿಸ್ಸಿನ ಕತ್ತಲೆ ಕೋಣೆ

ಅದೇ ವಾರ ನಾನು ಒಂದು ಧ್ವನಿ ಇನ್‌ಸ್ಟಾಲೇಶನ್ ಬಗ್ಗೆ ಓದುತ್ತಿದ್ದೆ. ಚಿತ್ರವನ್ನ ಗೋಡೆಗೆ ತೂಗುಹಾಕಿ ನೋಡೋದು ನಮಗೆ ಗೊತ್ತು. ಇದರಲ್ಲಿ ಒಂದು ಕೋಣೆಯೊಳಗೆ ಹೋಗಿ ಕೂರಬೇಕು, ಕೇಳಬೇಕು, ಅಷ್ಟೇ. 2016ರಲ್ಲಿ ಪ್ಯಾರಿಸ್ಸಿನ ಕಾರ್ಟಿಯೇ ಫೌಂಡೇಶನ್ನಿನಲ್ಲಿ ನಡೆದ ಈ ಪ್ರದರ್ಶನದ ಹೆಸರು 'ದಿ ಗ್ರೇಟ್ ಅನಿಮಲ್ ಆರ್ಕೆಸ್ಟ್ರಾ', ಅಂದ್ರೆ ಪ್ರಾಣಿಗಳ ಮಹಾಮೇಳ. ಮಾಡಿದವರು ಬರ್ನಿ ಕ್ರಾಸ್ ಎಂಬ ಅಮೆರಿಕದ ಧ್ವನಿಸಂಗ್ರಾಹಕ. ದನಿಗಳನ್ನ ಗೋಡೆಯ ಮೇಲೆ ಬೆಳಕಿನ ಗೆರೆಗಳಾಗಿ ಮೂಡಿಸಿದ್ದು ಲಂಡನ್ನಿನ ಯುನೈಟೆಡ್ ವಿಶುಯಲ್ ಆರ್ಟಿಸ್ಟ್ಸ್ ತಂಡ.

ಕ್ರಾಸ್ ಮೊದಲು ಸಂಗೀತಗಾರ, ಸಿಂಥಸೈಜರ್ ನುಡಿಸುತ್ತಿದ್ದವರು. 1960ರ ದಶಕದ ಕೊನೆಯಲ್ಲಿ ಒಂದು ಆಲ್ಬಮ್ಮಿಗಾಗಿ ಕಾಡಿನ ಸದ್ದು ಹಿಡಿಯಲು ಹೋದವರು ಮತ್ತೆ ಕಾಡನ್ನ ಬಿಡಲಿಲ್ಲ. 5000 ಗಂಟೆಗೂ ಹೆಚ್ಚು ಕಾಲದ, ಸುಮಾರು 15,000 ಪ್ರಭೇದಗಳ ದನಿ ಅವರ ಭಂಡಾರದಲ್ಲಿದೆ. ಜಗತ್ತಿನ ಸದ್ದನ್ನ ಅವರು ಮೂರು ಪಾಲು ಮಾಡುತ್ತಾರೆ. ಗಾಳಿ, ಮಳೆ, ಹಳ್ಳದ ಸದ್ದು ಒಂದು, ಅದು ನೆಲದ ದನಿ. ಹಕ್ಕಿ, ಹುಳ, ಕಪ್ಪೆ, ಪ್ರಾಣಿಗಳದು ಎರಡನೇದು, ಜೀವದ ದನಿ. ನಮ್ಮದು, ನಮ್ಮ ಯಂತ್ರಗಳದು ಮೂರನೇದು. ಅವರ ಇನ್ನೊಂದು ಮಾತು ಧಾರವಾಡದವರಿಗೆ ಸುಲಭವಾಗಿ ಅರ್ಥವಾಗುತ್ತೆ. ಹಳೆಯ, ಕೆಡದ ಕಾಡಿನಲ್ಲಿ ಒಂದೊಂದು ಜೀವಿ ಒಂದೊಂದು ಸ್ಥಾಯಿ ಹಿಡಿದುಕೊಂಡಿರುತ್ತೆ, ಒಂದರ ಮೇಲೆ ಇನ್ನೊಂದು ಬೀಳೋದಿಲ್ಲ. ಮೆಹಫಿಲಿನಲ್ಲಿ ತಂಬೂರಿ, ತಬಲಾ, ಹಾರ್ಮೋನಿಯಂ ತಮ್ಮ ತಮ್ಮ ಜಾಗದಲ್ಲಿ ಇದ್ದ ಹಾಗೆ.

ಅವರು ಹೇಳುವ ಒಂದು ಘಟನೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಕ್ಯಾಲಿಫೋರ್ನಿಯಾದ ಲಿಂಕನ್ ಮೆಡೋ ಎಂಬ ಜಾಗದಲ್ಲಿ 1988ರಲ್ಲಿ ಒಂದು ಕಂಪನಿ ಅಲ್ಲೊಂದು ಇಲ್ಲೊಂದು ಮರ ಆರಿಸಿ ಕಡಿಯಿತು. ಕಾಡಿಗೆ ಏನೂ ಆಗೋದಿಲ್ಲ ಅಂತ ಊರವರಿಗೆ ಹೇಳಿತ್ತು. ಕಡಿಯುವ ಮೊದಲು ಕ್ರಾಸ್ ಅಲ್ಲಿಯ ಬೆಳಗನ್ನ ಧ್ವನಿಮುದ್ರಿಸಿಕೊಂಡಿದ್ದರು. ಮಾರನೇ ವರ್ಷ ಅದೇ ದಿನಗಳಲ್ಲಿ, ಅದೇ ಹೊತ್ತಿಗೆ ಮತ್ತೆ ಹೋದರು. ಫೋಟೋ ತೆಗೆದರೆ ಕಾಡು ಹೋದ ವರ್ಷದ ಹಾಗೇ ಇತ್ತು. ದನಿ ಮಾತ್ರ ಇರಲಿಲ್ಲ. ಹಳ್ಳದ ಸದ್ದು, ಒಂದು ಮರಕುಟಿಗ, ಇನ್ನೊಂದೆರಡು ಹಕ್ಕಿ, ಅಷ್ಟೇ. ಕಣ್ಣಿಗೆ ಕಾಣದ ಸಾವು ಕಿವಿಗೆ ಕೇಳಿಸಿತ್ತು.

ಇದನ್ನ ಓದಿ ನನಗೆ ಒಂದು ಹುಚ್ಚು ಯೋಚನೆ ಬಂತು. ಇಂಥ ಕೋಣೆಯನ್ನ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಮಾಡಿದರೆ ಏನೇನು ಕೇಳಿಸಬೇಕು? ಅದಕ್ಕೆ ಮೊದಲು ಒಂದು ಪಟ್ಟಿ ಬೇಕು. ಈ ಸೀಮೆಯಲ್ಲಿ ಯಾವ ಯಾವ ಪ್ರಾಣಿ ಇದ್ದವು ಎಂಬ ಪಟ್ಟಿ. ಹಾಗೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಅಚ್ಚಾದ ಲೇಖನ. ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ, ಜೊತೆಗೆ ಅವುಗಳ ದೇಶೀ ಹೆಸರುಗಳು. ದಕ್ಷಿಣ ಮರಾಠಾ ಸೀಮೆ ಅಂದ್ರೆ ಬ್ರಿಟಿಷರ ಬಾಯಲ್ಲಿ ನಮ್ಮದೇ ಧಾರವಾಡ, ಬೆಳಗಾವಿ ಕಡೆ. ಬರೆದವನು ವಾಲ್ಟರ್ ಎಲಿಯಟ್.

ಕಿತ್ತೂರಿನ ಸೆರೆಯಾಳು

ಈ ಹೆಸರನ್ನ ನೀವು ಬೇರೆ ಕಡೆ ಕೇಳಿರಬಹುದು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತನಲ್ಲ, ಆಗ ರಾಣಿ ಚೆನ್ನಮ್ಮನ ಕಡೆಯವರು ಸೆರೆಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಈ ಎಲಿಯಟ್, ಇನ್ನೊಬ್ಬ ಸ್ಟೀವನ್ಸನ್. ಎಲಿಯಟ್‌ಗೆ ಆಗ 21 ವರ್ಷ. ಕೆಲವು ವಾರ ಸೆರೆಯಲ್ಲಿದ್ದು ಬಿಡುಗಡೆಯಾದ. ಓಡಿಹೋಗಲಿಲ್ಲ, 1833ರವರೆಗೆ ಈ ಸೀಮೆಯಲ್ಲೇ ಕೆಲಸ ಮಾಡಿದ.

ಇತಿಹಾಸ ಓದುವವರಿಗೆ ಅವನು ಶಾಸನಗಳ ಎಲಿಯಟ್. ಕರ್ನಾಟಕದ 595 ಶಾಸನಗಳ ನಕಲು ಮಾಡಿಸಿ ಕೂಡಿಟ್ಟವನು, ಚಾಲುಕ್ಯರ ಇತಿಹಾಸಕ್ಕೆ ಮೊದಲ ಅಡಿಪಾಯ ಹಾಕಿದವರಲ್ಲಿ ಒಬ್ಬ. ಅದೇ ಮನುಷ್ಯ ಇಲಿಗಳನ್ನೂ ಕೂಡಿಟ್ಟ ಅನ್ನೋದು ನನಗೆ ಹೊಸ ವಿಷಯ. ಒಂದು ಕೈಯಲ್ಲಿ ಕಲ್ಲಿನ ಅಕ್ಷರ, ಇನ್ನೊಂದು ಕೈಯಲ್ಲಿ ಇಲಿಯ ಚರ್ಮ!

ಅವನು ಕಳಿಸಿದ ಮಾದರಿಗಳು ಲಂಡನ್ ಸೇರಿದವು. ಅಲ್ಲಿಯ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಅವುಗಳಿಗೆ ವೈಜ್ಞಾನಿಕ ಹೆಸರು ಕೊಟ್ಟ. ಪೊದೆಗಳಲ್ಲಿ ಇರುವ ಒಂದು ಇಲಿ 'ಗೊಲುಂಡಾ ಎಲಿಯೋಟಿ' ಆಯಿತು. ಎರಡನೇ ಪದ ಎಲಿಯಟ್‌ನ ಹೆಸರು. ಮೊದಲನೇದು, ಅಂದ್ರೆ ಕುಲದ ಹೆಸರು, ಕನ್ನಡದ್ದು! ಎಲಿಯಟ್ ಇಲ್ಲಿಯ ಜನರಿಂದ ಕೇಳಿ ಬರೆದುಕೊಂಡ 'ಗುಲಂದಿ' ಎಂಬ ಪದ ಲ್ಯಾಟಿನ್ ವೇಷ ಹಾಕಿಕೊಂಡಿದ್ದು. ಹೊಲದಲ್ಲಿ ಬಿಲ ತೋಡುವ ಇನ್ನೊಂದು ಇಲಿಗೆ 'ಕೋಕ್' ಅಂತ ಹೆಸರಾಯಿತು, ಅದೂ ಇಲ್ಲಿಯ ಕನ್ನಡದ ಹೆಸರೇ. ಮೂರನೇದು ಮೆತ್ತನೆ ತುಪ್ಪಳದ ಹೊಲದ ಇಲಿ. ಅದರ ಹೆಸರು ಬಂದಿದ್ದು ಕೆರೆ ತೋಡುವ, ಮಣ್ಣು ಅಗೆಯುವ ಕಾಯಕದ ವಡ್ಡರ, ಅಂದ್ರೆ ಭೋವಿಗಳ ತೆಲುಗು ಮಾತಿನಿಂದ, 'ಮೆಟ್ಟಾಡೆ'. ಎಲಿಯಟ್ ತನ್ನ ಪಟ್ಟಿಯಲ್ಲಿ 'ಮೆಟ್ಟಾಡ' ಅಂತಲೇ ಬರೆದ. ಆದರೆ ಅವನಿಗಿಂತ ಎರಡು ವರ್ಷ ಮೊದಲು ಗ್ರೇ ಬರೆದದ್ದು 'ಮೆಲ್ಟಾಡ' ಅಂತ ಅಚ್ಚಾಗಿತ್ತು. ವಿಜ್ಞಾನದಲ್ಲಿ ಮೊದಲು ಅಚ್ಚಾದ ಹೆಸರಿಗೇ ಮನ್ನಣೆ. ಹೀಗಾಗಿ ಆ ಇಲಿ ಇವತ್ತಿಗೂ 'ಮಿಲಾರ್ಡಿಯಾ ಮೆಲ್ಟಾಡ'. ಒಂದು 'ಟ' ಹೋಗಿ 'ಲ್' ಬಂದದ್ದು ಜಗತ್ತಿನ ಎಲ್ಲ ಪುಸ್ತಕದಲ್ಲೂ ಹಾಗೇ ನಿಂತಿದೆ.

ಎಲಿಯಟ್ ಬರೀ ಹೆಸರು ಬರೆದು ಬಿಟ್ಟವನಲ್ಲ. ಗುಲಂದಿ ಪೊದೆಯ ಬುಡದಲ್ಲಿ ಒಣಹುಲ್ಲು ಹೆಣೆದು ಆರರಿಂದ ಒಂಬತ್ತು ಇಂಚಿನ ಗೂಡು ಕಟ್ಟುತ್ತೆ ಅಂತ ಬರೆದಿದ್ದಾನೆ. ಕೋಕ್ ಇಲಿ ಬಿಲದಲ್ಲಿ ಕಾಳು ಕೂಡಿಡುತ್ತೆ, ವಡ್ಡರು ಇಲಿಯನ್ನೂ ಹಿಡಿದು ತಿನ್ನುತ್ತಾರೆ, ಸುಗ್ಗಿಯಲ್ಲಿ ಬಿಲ ಅಗೆದು ಆ ಕಾಳನ್ನೂ ತೆಗೆದುಕೊಂಡು ಅದರ ಮೇಲೇ ದಿನ ದೂಡುತ್ತಾರೆ ಅಂತಲೂ ಬರೆದಿದ್ದಾನೆ. ಮೆಟ್ಟಾಡೆ ಬೇಸಿಗೆಯಲ್ಲಿ ಎರೆಭೂಮಿಯ ಬಿರುಕಿನಲ್ಲಿ ವಾಸ ಮಾಡುತ್ತೆ, ಮಳೆ ಬಿದ್ದು ಬಿರುಕು ಮುಚ್ಚಿದಾಗ ರಾಶಿ ರಾಶಿ ಸಾಯುತ್ತವೆ. 1826ರಲ್ಲಿ ಮಳೆ ಕಡಿಮೆಯಾದಾಗ ಅವು ಉಳಿದುಕೊಂಡು ಬೆಳೆದು ರೈತರ ಹೊಲಗಳನ್ನೇ ಹಾಳುಮಾಡಿದವು.

ಇಷ್ಟೆಲ್ಲ ವಿವರ ಅವನಿಗೆ ಎಲ್ಲಿಂದ ಸಿಕ್ಕಿತು? ಬಿಲ ಅಗೆಯುವವರಿಂದ, ಹೊಲದವರಿಂದ. ಅವರ ಪದಗಳು ಲಂಡನ್ನಿನ ಪುಸ್ತಕದಲ್ಲಿ ಉಳಿದವು. ಇಲಿಯ ಹೆಸರಿನ ಜೊತೆ ಸಾಹೇಬನ ಹೆಸರು ಸೇರಿತು. ಬಿಲ ಅಗೆದು ಇಲಿ ತಂದುಕೊಟ್ಟವನ ಹೆಸರು ಎಲ್ಲೂ ಸೇರಲಿಲ್ಲ.

ಲ ಮತ್ತು ಳ

ಮೇಲೆ ನಾನು 'ಗುಲಂದಿ' ಅಂತ ಬರೆದೆ. ಆದರೆ ರೋಮನ್ ಅಕ್ಷರದಲ್ಲಿ 'ಲ' ಯಾವುದು 'ಳ' ಯಾವುದು, 'ದ' ಯಾವುದು 'ಡ' ಯಾವುದು? ಗುಲಂದಿಯೋ, ಗುಳಂದಿಯೋ, ಗುಳಂಡಿಯೋ? ಇಲಿಯ ಚರ್ಮ, ಹಲ್ಲು, ಬಾಲದ ಉದ್ದ ಎಲ್ಲ ಲೆಕ್ಕಕ್ಕೆ ಸಿಕ್ಕಿವೆ. ಹೆಸರಿನ ಉಚ್ಚಾರವೇ ಜಾರಿಹೋಗಿದೆ.

ನಮ್ಮ ಕಾಕಾ ನವಲಗುಂದ ಕಡೆ ಎರೆಹೊಲದ ರೈತರು, ಈಗ ಎಪ್ಪತ್ತು ದಾಟಿದೆ. ಅವರಿಗೆ ಗೊತ್ತಿರಬಹುದು ಅಂತ ದೀಪಾವಳಿಗೆ ಊರಿಗೆ ಹೋದಾಗ ಕೇಳಿದೆ.

"ಕಾಕಾ, ಗುಲಂದಿ ಅಂತ ಇಲಿ ಕೇಳೀರೇನು?"

"ಗುಲಂದಿ? ಇಲ್ಲಪಾ. ಇಲಿ ಗೊತ್ತೈತಿ, ಹೆಗ್ಗಣ ಗೊತ್ತೈತಿ. ಹೊಲದಾಗಿಂದು ಬ್ಯಾರೆ, ಮನಿಯಾಗಿಂದು ಬ್ಯಾರೆ. ಹೆಸರ ಹಿಡದು ಹೇಳಾಕ ನಮ್ಮಪ್ಪ ಇರಬೇಕಿತ್ತು ನೋಡು." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು, "ಬ್ಯಾಸಗ್ಯಾಗ ಹೊಲ ಬಿರೀತಿತ್ತಲ್ಲ, ಆವಾಗ ಅಪ್ಪ ಬಿರಕಿನ ಮ್ಯಾಲೆ ಕಿವಿ ಇಟ್ಟು ಮಲಗತಿದ್ದಾ. ಒಳಗ ಚುಂಯ್ ಚುಂಯ್ ಅಂತಿದ್ರ ಇಂಥಾದ್ದ ಐತಿ ಅಂತಿದ್ದಾ. ನಮಗೂ ಕೇಳು ಅಂತಿದ್ದಾ. ನಾವು ಆಟಕ್ಕ ಬಿದ್ದಿದ್ವಿ, ಕೇಳಲಿಲ್ಲ."

ಕಾಕಾ ಅದನ್ನ ನಗುತ್ತಲೇ ಹೇಳಿದರು. ನನಗೆ ಮಾತ್ರ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಅಜ್ಜ ಕಿವಿಯಿಂದ ಪ್ರಾಣಿಗಳ ವರ್ಗೀಕರಣ ಮಾಡುತ್ತಿದ್ದರು, ಅದು ನಮ್ಮ ಮನೆಯಲ್ಲೇ ಇತ್ತು, ಒಂದೇ ತಲೆಮಾರಿನಲ್ಲಿ ಹೋಯಿತು.

ಕಣ್ಣಿನ ವಿಜ್ಞಾನ, ಕಿವಿಯ ವಿಜ್ಞಾನ

ಆಮೇಲೆ ಯೋಚಿಸಿ ನೋಡಿದೆ. ನಮ್ಮ ಭಾಷೆಯಲ್ಲಿ ಎಷ್ಟೊಂದು ಹೆಸರು ದನಿಯಿಂದಲೇ ಹುಟ್ಟಿವೆ! ಕಾ ಅನ್ನೋದು ಕಾಗೆ, ಗೂ ಅನ್ನೋದು ಗೂಗೆ, ಕುಟ್ರು ಕುಟ್ರು ಅನ್ನೋದು ಕುಟ್ರ ಹಕ್ಕಿ, ಕೆರೆ ದಂಡೆಯ ಟಿಟ್ಟಿಭ. ಲ್ಯಾಟಿನ್ನಿನಲ್ಲೂ ಹಾಗೇ ಇತ್ತು, ಕುಕುಲಸ್, ಉಪುಪಾ, ಬುಬೊ ಎಲ್ಲ ಆ ಹಕ್ಕಿಗಳ ಕೂಗೇ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟಾಗ ಈ ಕೂಗುಗಳನ್ನೂ ಸೇರಿಸಿಕೊಂಡ. ಆದರೆ ಯಾವ ಪ್ರಾಣಿ ಯಾವ ಗುಂಪಿಗೆ ಎಂದು ತೀರ್ಮಾನ ಮಾಡಿದ್ದು ಕೊಕ್ಕು, ಕಾಲು, ಹಲ್ಲು ನೋಡಿ. ಸತ್ತ ಹಕ್ಕಿ ಕೂಗೋದಿಲ್ಲವಲ್ಲ. ಮ್ಯೂಸಿಯಮ್ಮಿನ ಡ್ರಾಯರಿನಲ್ಲಿ ಬಣ್ಣ ಉಳಿಯುತ್ತೆ, ಅಳತೆ ಉಳಿಯುತ್ತೆ, ದನಿ ಉಳಿಯೋದಿಲ್ಲ.

ಇಂಗ್ಲೆಂಡಿನ ಒಬ್ಬ ಪಾದ್ರಿ ಮಾತ್ರ ಕಿವಿಯನ್ನ ನಂಬಿದ. ಗಿಲ್ಬರ್ಟ್ ವೈಟ್. ನೋಡಲು ಒಂದೇ ಥರ ಇದ್ದ ಪುಟ್ಟ ಹಸಿರು ಹಕ್ಕಿಗಳ ಹಾಡು ಕೇಳಿ, ಇವು ಒಂದಲ್ಲ, ಮೂರು ಅಂತ ಗುರುತಿಸಿದ. 1789ರಲ್ಲಿ ಬಂದ ಅವನ ಸೆಲ್ಬೋರ್ನಿನ ಪತ್ರಗಳಲ್ಲಿ ಇದು ಇದೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಇದು ನಮ್ಮ ಊರಿನವರಿಗೆ ಆಶ್ಚರ್ಯ ಅನಿಸಬಾರದು. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಹಾಡಿದ ಸೀಮೆ ಇದು. ಭೂಪ ಮತ್ತು ದೇಶಕಾರ ತಗೊಳ್ಳಿ. ಎರಡಕ್ಕೂ ಅವೇ ಐದು ಸ್ವರ, ಸ ರಿ ಗ ಪ ಧ. ಕಾಗದದ ಮೇಲೆ ಬರೆದರೆ ಒಂದೇ ಇಲಿಯ ಎರಡು ಚರ್ಮ ಇದ್ದ ಹಾಗೆ. ಆದರೆ ಭೂಪದಲ್ಲಿ ಗಾಂಧಾರ ವಾದಿ, ಸಂಜೆಯ ರಾಗ. ದೇಶಕಾರದಲ್ಲಿ ಧೈವತ ವಾದಿ, ಬೆಳಗಿನ ರಾಗ. ಭಾತಖಂಡೆಯವರು ರಾಗಗಳನ್ನ ಹತ್ತು ಥಾಟುಗಳಲ್ಲಿ ಹಂಚಿದಾಗ ಭೂಪ ಕಲ್ಯಾಣಕ್ಕೆ ಹೋಯಿತು, ದೇಶಕಾರ ಬಿಲಾವಲಕ್ಕೆ. ಸ್ವರ ಎಣಿಸಿದರೆ ಇದು ಗೊತ್ತಾಗೋದಿಲ್ಲ, ಕೇಳಿದರೆ ಮಾತ್ರ ಗೊತ್ತಾಗುತ್ತೆ. ವಾಲ್ಟರ್ ಎಲಿಯಟ್ ಪಟ್ಟಿ ಮಾಡಿದ ಊರಿನಲ್ಲೇ ಜನ ಕೇಳಿ ವಿಂಗಡಿಸುವ ವಿದ್ಯೆಯನ್ನ ಇಷ್ಟು ಎತ್ತರಕ್ಕೆ ಒಯ್ದರು. ಪ್ರಾಣಿಗಳ ವಿಷಯಕ್ಕೆ ಮಾತ್ರ ಆ ವಿದ್ಯೆ ಬಹಳ ಕಾಲ ಬಳಕೆಗೆ ಬರಲಿಲ್ಲ.

ಬರಬೇಕಾದರೆ ಯಂತ್ರ ಬೇಕಿತ್ತು. 1889ರಲ್ಲಿ ಜರ್ಮನಿಯ ಎಂಟು ವರ್ಷದ ಹುಡುಗ ಲುಡ್ವಿಗ್ ಕೋಖ್ ಎಡಿಸನ್ನನ ಫೋನೋಗ್ರಾಫಿನಲ್ಲಿ ಒಂದು ಹಕ್ಕಿಯ ಹಾಡು ಹಿಡಿದ. ನಮಗೆ ಗೊತ್ತಿರುವಂತೆ ಜಗತ್ತಿನಲ್ಲಿ ಮೊದಲು ಧ್ವನಿಮುದ್ರಣವಾದ ಹಕ್ಕಿ ಅದೇ. ಯಾವುದು ಗೊತ್ತೇ? ಶಾಮ! ನಮ್ಮ ದಾಂಡೇಲಿ ಕಾಡಿನಲ್ಲಿ ಬೆಳಗಿನ ಜಾವ ಹಾಡುವ ಹಕ್ಕಿ. ಅವನ ಮನೆಯಲ್ಲಿ ಅದು ಪಂಜರದಲ್ಲಿತ್ತು.

ಕಪ್ಪೆ ಹೇಳಿದ್ದು

ಮುಂದಿನ ಕಥೆ ನಡೆದದ್ದು ನಮ್ಮ ಪಕ್ಕದ ಜಿಲ್ಲೆಗಳಲ್ಲಿ. ಕಪ್ಪೆಗಳ ವಿಷಯದಲ್ಲಿ ಕಣ್ಣು ಬಹಳ ಸಲ ಮೋಸಹೋಗುತ್ತೆ, ಎಲ್ಲ ಕಂದು, ಎಲ್ಲ ಒದ್ದೆ. ಆದರೆ ಗಂಡು ಕಪ್ಪೆ ಕೂಗೋದು ತನ್ನ ಜಾತಿಯ ಹೆಣ್ಣಿಗೆ ಗುರುತು ಸಿಗಲಿ ಅಂತ. ಹಾಗಾಗಿ ಕೂಗೇ ಅದರ ವಿಳಾಸ. ಮಣಿಪಾಲದ ಕೆಂಪುಕಲ್ಲಿನ ಬಯಲಿನಲ್ಲಿ ಸಿಕ್ಕ, ಎರಡು ಸೆಂಟಿಮೀಟರೂ ಇಲ್ಲದ ಒಂದು ಕಪ್ಪೆಯ ಕೂಗನ್ನ ಯಾರಾದರೂ ಜೀರುಂಡೆ ಅಂದುಕೊಳ್ಳುತ್ತಾರೆ. 2016ರಲ್ಲಿ ಅದಕ್ಕೆ 'ಮೈಕ್ರೋಹೈಲಾ ಲ್ಯಾಟರೈಟ್' ಅಂತ ಹೆಸರಾಯಿತು. ಅದೇ ವರ್ಷ ಕರಾವಳಿಯ ಇನ್ನೊಂದು ಕಪ್ಪೆ, 'ಯುಫ್ಲಿಕ್ಟಿಸ್ ಕರಾವಳಿ'. ಇದರ ಕೂಗು ಬೇರೆ ಇದೆಯಲ್ಲ ಎಂಬಲ್ಲಿಂದ ಶುರುವಾದ ಹುಡುಕಾಟ ಅದು. ಹೆಸರು ಕೊಟ್ಟವರಲ್ಲಿ ಅರಣ್ಯ ಇಲಾಖೆಯ ಸಿ. ಆರ್. ನಾಯ್ಕ್ ಅವರೂ ಒಬ್ಬರು. ಅದಕ್ಕೂ ಮೊದಲು 2014ರಲ್ಲಿ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ತನ್ನ ಮೊಟ್ಟೆಗೆ ಕೈಯಿಂದ ಮಣ್ಣು ಮೆತ್ತುವ ಕಪ್ಪೆಗೆ ಗುರುರಾಜ ಕೆ. ವಿ. ಮತ್ತು ಸಂಗಡಿಗರು ಕೊಟ್ಟ ಹೆಸರು 'ಕುಂಬಾರ'.

ಗಮನಿಸಿ, ಕರಾವಳಿ, ಕುಂಬಾರ. 1837ರಲ್ಲಿ ಗುಲಂದಿ, ಕೋಕ್ ಹೋದ ದಾರಿಯಲ್ಲೇ ಕನ್ನಡದ ಪದಗಳು ಮತ್ತೆ ಹೋಗುತ್ತಿವೆ. ಈ ಸಲ 'ಟ' ಇದ್ದಲ್ಲಿ 'ಲ್' ಬರೋದಿಲ್ಲ, ಯಾಕಂದ್ರೆ ಹೆಸರು ಕೊಡುವವರಿಗೆ ಕನ್ನಡ ಬರುತ್ತೆ. ಕಪ್ಪೆಯ ದೇಹದ ಜೊತೆ ಅದರ ದನಿಯೂ ದಾಖಲೆಯಾಗುತ್ತೆ.

ನಮ್ಮ ಕೋಣೆ

ಈಗ ನನ್ನ ಹುಚ್ಚು ಯೋಚನೆಗೆ ಬರೋಣ. ಧಾರವಾಡದಲ್ಲಿ ಒಂದು ಕತ್ತಲೆ ಕೋಣೆ. ಅದರಲ್ಲಿ ಮೊದಲು ಎಲಿಯಟ್‌ನ ಪಟ್ಟಿ, ಒಂದೊಂದೇ ಹೆಸರು. ಓದೋದು ಯಾವ ಪಂಡಿತರೂ ಅಲ್ಲ, ನವಲಗುಂದದ ಒಬ್ಬ ರೈತ, ಒಬ್ಬ ಭೋವಿ ಅಜ್ಜಿ, ಒಬ್ಬ ಕುರುಬ. ಹೆಸರಿನ ಹಿಂದೆಯೇ ಆ ಪ್ರಾಣಿಯ ದನಿ, ಎಲ್ಲಿ ಇನ್ನೂ ಸಿಗುತ್ತೋ ಅಲ್ಲಿಂದ ಹಿಡಿದು ತಂದದ್ದು. ಚಿಗರಿಯದಕ್ಕೆ ರಾಣೆಬೆನ್ನೂರಿಗೆ ಹೋಗಬೇಕು, ಅಲ್ಲಿ 1974ರಿಂದ ಅಭಯಾರಣ್ಯ ಇದೆ. ದನಿ ಸಿಗದ ಪ್ರಾಣಿಗೆ ಅಷ್ಟು ಹೊತ್ತು ಮೌನ. ಮೌನವೂ ಪಟ್ಟಿಯ ಒಂದು ಭಾಗ.

ಕ್ರಾಸ್ ಅವರ ಲೆಕ್ಕದ ಮೂರನೇ ದನಿಯೂ ಇರಲಿ, ಚಿಗರಿ ಬಸ್ಸಿನ ಬಾಗಿಲ ಪೀಂ ಪೀಂ. ಆ ರಸ್ತೆ ಅಗಲ ಮಾಡುವಾಗ ಹೋದ ಮರಗಳಲ್ಲಿ ಏನೇನು ಕೂಗುತ್ತಿತ್ತು ಅಂತ ಯಾರೂ ಧ್ವನಿಮುದ್ರಿಸಿಕೊಳ್ಳಲಿಲ್ಲ. ಮರಗಳ ಫೋಟೋ ನಮ್ಮ ಹತ್ತಿರ ಇವೆ. ಫೋಟೋ ಕೂಗೋದಿಲ್ಲ.

ಈ ಕೋಣೆ ಕಟ್ಟೋ ದುಡ್ಡು ನನ್ನ ಹತ್ತಿರ ಇಲ್ಲ. ಆದರೆ ಪಟ್ಟಿ ನಾವು ಮಾಡಬಹುದಲ್ಲ? ಅದಕ್ಕೇ ಇದನ್ನ ಇಲ್ಲಿ ಬರೆದೆ. ನಿಮ್ಮ ಊರಿನಲ್ಲಿ, ನಿಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಗುಲಂದಿ, ಗುಳಂದಿ, ಹತ್ತಿರದ ಯಾವುದಾದರೂ ಪದ ಇದೆಯೇ? ಕೋಕ್ ಇದೆಯೇ? ಮೆಟ್ಟಾಡೆ ಇದೆಯೇ? ಕೇಳಿ ನೋಡಿ. ಸಾಧ್ಯವಾದರೆ ಬರೆದುಕೊಳ್ಳಬೇಡಿ, ಮೊಬೈಲಿನಲ್ಲಿ ಅವರ ದನಿಯನ್ನೇ ಹಿಡಿದಿಟ್ಟುಕೊಳ್ಳಿ. ಅಕ್ಷರದಲ್ಲಿ ಲ, ಳ ಆಗುವ ಗಲಾಟೆಯೇ ಬೇಡ.

ಹಾಂ, ಆ ಪುಟ್ಟ ಹುಡುಗಿಗೆ ಉತ್ತರ. ಮನೆಗೆ ಹೋಗಿ ಹುಡುಕಿದೆ. ಗಂಡು ಚಿಗರಿ ಹೆಣ್ಣಿನ ಮುಂದೆ ಕತ್ತು ಎತ್ತಿ ಬೀಗುತ್ತಾ ನಡೆಯುವಾಗ ಗಂಟಲಿನಿಂದ ಗುರ್ ಗುರ್ ಅಂತ ಗುಟುರು ಹಾಕುತ್ತೆ. ನಾನಿನ್ನೂ ಅದನ್ನ ಕಿವಿಯಾರೆ ಕೇಳಿಲ್ಲ. ಈ ಚಳಿಗಾಲದಲ್ಲಿ ರಾಣೆಬೆನ್ನೂರಿಗೆ ಹೋಗಬೇಕು. ಕಾಕಾನನ್ನೂ ಕರೆದೆ. "ಈ ವಯಸ್ಸಿನ್ಯಾಗ ಚಿಗರಿ ಕೇಳಾಕ?" ಅಂದರು. ಆಮೇಲೆ, "ಆತು ನಡಿ, ಈ ಸಲನಾದ್ರೂ ಕೇಳೂಣು" ಅಂದರು.